ಗುಜರಿಯಲ್ಲಿ ಸಿಕ್ಕ ಲ್ಯಾಂಪ್ ಸ್ಟ್ಯಾಂಡ್ ಮುಟ್ಟಿದರೆ ಜುಮ್ ಎನ್ನುತ್ತದೆ, ಏನು ಮಾಡಲಿ?

ಪ್ರಶ್ನೆ: ಗುಜರಿ ಅಂಗಡಿಯಲ್ಲಿ ಒಂದು ಹಳೆಯ ಟೇಬಲ್ ಲ್ಯಾಂಪ್ ಸ್ಟ್ಯಾಂಡ್ ತಗೊಂಡೆ. ಹಿತ್ತಾಳೆಯದು ಅಂದರು. ಮೈಮೇಲೆಲ್ಲ ಕಪ್ಪು ಕಲೆ, ಹುಣಸೆಹಣ್ಣು ಹಚ್ಚಿ ಎಷ್ಟು ತಿಕ್ಕಿದರೂ ಹೋಗುತ್ತಿಲ್ಲ. ಬಲ್ಬ್ ಹತ್ತುತ್ತದೆ, ಆದರೆ ಸ್ಟ್ಯಾಂಡ್ ಮುಟ್ಟಿದರೆ ಸಣ್ಣಗೆ ಜುಮ್ ಎನ್ನುತ್ತದೆ. ನಾನು ಮೋಸ ಹೋದೆನಾ?
– ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಮೊದಲು ಪ್ಲಗ್ ಕಿತ್ತು ಬದಿಗಿಡಿ. ಉಳಿದದ್ದು ಆಮೇಲೆ. ನಮ್ಮ ಮನೆಗಳಲ್ಲಿ ಹರಿಯುವುದು 230 ವೋಲ್ಟ್. ಇವತ್ತು ಜುಮ್ ಎಂದದ್ದು ನಾಳೆ ಒದ್ದೆ ಕೈಯಲ್ಲಿ ಮುಟ್ಟಿದಾಗ ಜೀವಕ್ಕೇ ಬರಬಹುದು.

ಹಳೆಯ ಲ್ಯಾಂಪ್ ಕೊಂಡರೆ ನಾನು ಸ್ಟ್ಯಾಂಡ್ ಮಾತ್ರ ಉಳಿಸಿಕೊಳ್ಳುತ್ತೇನೆ. ವೈರ್, ಹೋಲ್ಡರ್, ಪ್ಲಗ್ ಮೂರನ್ನೂ ಎಸೆಯುತ್ತೇನೆ. ಒಮ್ಮೆ ಒಂದು ಸ್ಟ್ಯಾಂಡಿನಿಂದ ವೈರ್ ಎಳೆದಾಗ ಅದರ ರಬ್ಬರ್ ಒಣ ರೊಟ್ಟಿಯ ಚೂರಿನ ಹಾಗೆ ಅಂಗೈಗೆ ಉದುರಿತ್ತು. ಒಳಗೆ ಬರೀ ತಾಮ್ರದ ಎಳೆ ಉಳಿದಿತ್ತು. ನಿಮ್ಮದರಲ್ಲೂ ಹೀಗೇ ಎಲ್ಲೋ ಎಳೆ ಲೋಹಕ್ಕೆ ತಾಗುತ್ತಿರಬೇಕು.

ಹೊಸ ವೈರ್ 0.75 ಚದರ ಮಿಲಿಮೀಟರಿನ ಮೂರು ಕೋರಿನದ್ದೇ (ಒಳಗೆ ಮೂರು ಬೇರೆ ಬೇರೆ ವೈರ್ ಇರುವಂಥದ್ದು) ಆಗಲಿ, ಐಎಸ್‌ಐ ಗುರುತು ಇರಲಿ. ಎರಡು ಪಿನ್ನಿನ ಪ್ಲಗ್ ಬೇಡವೇ ಬೇಡ. ಲೋಹದ ಸ್ಟ್ಯಾಂಡಿಗೆ ಅರ್ಥಿಂಗ್ ಬೇಕು. ಅರ್ಥಿಂಗ್‌ನ ಹಸಿರು ವೈರಿನ ತುದಿಗೆ ಲಗ್ (ಸ್ಕ್ರೂ ತೂರುವ ತೂತಿರುವ ಲೋಹದ ತುಂಡು) ಹಾಕಿ, ಸ್ಟ್ಯಾಂಡಿನ ಒಳಮೈಗೆ ಸ್ಕ್ರೂನಿಂದ ಬಿಗಿಯಿರಿ. ಆ ಜಾಗದ ಬಣ್ಣ, ವಾರ್ನಿಶ್ ಕೆರೆದು ಲೋಹ ಕಾಣಬೇಕು, ಇಲ್ಲದಿದ್ದರೆ ಸ್ಕ್ರೂ ಬಿಗಿದರೂ ಪ್ರಯೋಜನವಿಲ್ಲ. ಬುಡದಲ್ಲಿ ವೈರ್ ಹೊರಬರುವ ತೂತಿಗೆ ರಬ್ಬರ್ ಬುಶ್ (ಅಂಚು ಮುಚ್ಚುವ ಬಳೆ) ಹಾಕಿ. ಅಲ್ಲಿನ ಅಂಚು ಚಾಕುವಿನ ಹಾಗಿರುತ್ತದೆ, ವೈರ್ ಹೆಚ್ಚಾಗಿ ಕೊಯ್ದುಹೋಗುವುದು ಅಲ್ಲೇ. ಹೋಲ್ಡರ್ ಒಳಗೆ ವೈರಿಗೆ ಒಂದು ಗಂಟು ಹಾಕಿದರೆ ಯಾರಾದರೂ ಎಳೆದರೂ ಕಿತ್ತು ಬರುವುದಿಲ್ಲ. ಕೊನೆಗೆ ಮಲ್ಟಿಮೀಟರನ್ನು ಬೀಪ್ ಕೊಡುವ ಕಂಟಿನ್ಯುಯಿಟಿ ಸೆಟ್ಟಿಂಗಿಗೆ ತಿರುಗಿಸಿ, ಅದರ ಒಂದು ಕಡ್ಡಿಯನ್ನು ಪ್ಲಗ್ಗಿನ ದಪ್ಪ ಪಿನ್ನಿಗೆ, ಇನ್ನೊಂದನ್ನು ಸ್ಟ್ಯಾಂಡಿಗೆ ಇಡಿ. ಬೀಪ್ ಬಂದರೆ ಸರಿ. ಈ ಪರೀಕ್ಷೆ ಪ್ಲಗ್ ಹಾಕುವ ಮೊದಲೇ ಆಗಬೇಕು. ಮನೆಯ ಸಾಕೆಟ್ಟಿನಲ್ಲಿ ಅರ್ಥಿಂಗ್ ಇದೆಯಾ ಅಂತಲೂ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಹಳೆಯ ಮನೆಗಳಲ್ಲಿ ಮೂರನೇ ತೂತು ಸುಮ್ನೆ ಹೆಸರಿಗೆ ಇರುತ್ತದೆ.

ಇನ್ನು ಹಿತ್ತಾಳೆಯ ಮಾತು. ಆಯಸ್ಕಾಂತ ಅಂಟಿದರೆ ಅದು ಕಬ್ಬಿಣಕ್ಕೆ ಹಿತ್ತಾಳೆ ಬಣ್ಣ ಕೊಟ್ಟದ್ದು. ಆದರೆ ನಡುವೆ ಹೋಲ್ಡರ್ ಹಿಡಿದಿರುವ ಪೈಪು ಹೆಚ್ಚಾಗಿ ಕಬ್ಬಿಣದ್ದೇ, ಆಯಸ್ಕಾಂತ ಅದಕ್ಕೂ ಎಳೆಯುತ್ತದೆ. ಹಾಗಾಗಿ ಹೊಟ್ಟೆ ಉಬ್ಬಿದ ಕಡೆ, ಪೈಪಿನಿಂದ ದೂರದಲ್ಲಿ ಇಟ್ಟು ನೋಡಿ. ಅಂಟಲಿಲ್ಲ ಅಂದಮಾತ್ರಕ್ಕೆ ಹಿತ್ತಾಳೆ ಅಂತ ನಂಬಬೇಡಿ, ಅಲ್ಯೂಮಿನಿಯಂ ಕೂಡ ಅಂಟುವುದಿಲ್ಲ. ಬುಡದ ಅಡಿಯಲ್ಲಿ ಕಾಣದ ಕಡೆ ಅರದಿಂದ ಒಂದು ಗೀರು ಹಾಕಿ. ಒಳಗೂ ಹಳದಿಯಿದ್ದರೆ ಹಿತ್ತಾಳೆ, ಬೆಳ್ಳಗಿದ್ದರೆ ಅಲ್ಲ.

ಹುಣಸೆಹಣ್ಣು ಸೋತದ್ದು ಯಾಕೆ ಅಂದರೆ ಕಲೆಯ ಮೇಲೆ ಪಾರದರ್ಶಕ ವಾರ್ನಿಶ್ ಇರಬೇಕು. ಕಿಟಕಿ ತೆರೆದು, ಕೈಗವಸು ಹಾಕಿ, ವೈರ್ ಬಿಚ್ಚಿದ ಮೇಲೆ ಥಿನ್ನರ್ ಅದ್ದಿದ ಬಟ್ಟೆಯಿಂದ ಒರೆಸಿ ಅದನ್ನು ತೆಗೆಯಿರಿ. ಆಮೇಲೆ ಹುಣಸೆಹಣ್ಣು, ಉಪ್ಪು ಹಚ್ಚಿ ಎರಡು ಮೂರು ನಿಮಿಷ ತಿಕ್ಕಿ, ತಕ್ಷಣ ತೊಳೆದು ಒಣಗಿಸಿ. ರಾತ್ರಿಯಿಡೀ ನೆನೆಹಾಕಿದರೆ ಹಿತ್ತಾಳೆಯಲ್ಲಿರುವ ಸತು ಕರಗಿ ತಾಮ್ರದ ಕೆಂಪು ಮಚ್ಚೆ ಉಳಿಯುತ್ತದೆ. ಉಜ್ಜಿ ಹೊಳಪು ಕೊಡುವ ಬಫಿಂಗ್ ಮಷಿನ್‌ಗೆ ಮಾತ್ರ ಕೊಡಬೇಡಿ ಅಂತ ನನ್ನ ವಿನಂತಿ. ಹಳೆಯ ಗೀರಿನ ಕೆತ್ತನೆ ಐದು ನಿಮಿಷದಲ್ಲಿ ಮಾಯವಾಗುತ್ತದೆ.

ಮುಂದಿನ ಸಲ ಗುಜರಿ ಅಂಗಡಿಯ ಜೊತೆಗೆ ದುರ್ಗದಬೈಲ್ ಸುತ್ತಿನ ಪಾತ್ರೆ ಅಂಗಡಿಗಳಲ್ಲೂ ಹಳೆಯ ಹಿತ್ತಾಳೆ ಇದೆಯಾ ಅಂತ ಕೇಳಿ ನೋಡಿ. ತೂಕದ ಲೆಕ್ಕದಲ್ಲಿ ಕೊಡುವುದಾದರೆ ಮೊದಲು ಬುಡದ ಮುಚ್ಚಳ ಬಿಚ್ಚಿಸಿ. ಒಳಗೆ ಭಾರಕ್ಕೆಂದು ಕಬ್ಬಿಣ, ಸಿಮೆಂಟ್ ತುಂಬಿರುತ್ತಾರೆ. ಅದಕ್ಕೆ ಹಿತ್ತಾಳೆಯ ರೇಟು ಯಾಕೆ ಕೊಡಬೇಕು, ಅಲ್ವಾ?

ಪ್ರಶ್ನೆ: ಅಜ್ಜಿಯ ಮನೆಯ ಕಲಘಟಗಿ ತೊಟ್ಟಿಲು ಮುರಿದಿದೆ. ಕಡೆದ ಒಂದು ಕಾಲು ಮಾತ್ರ ಬಣ್ಣ ಸಮೇತ ಚೆನ್ನಾಗಿದೆ. ಅದನ್ನು ಲ್ಯಾಂಪ್ ಮಾಡಬಹುದಾ?
– ಓದುಗರು, ಧಾರವಾಡ

ಉತ್ತರ: ಖಂಡಿತ ಮಾಡಿ. ಉದ್ದಕ್ಕೂ ತೂತು ಕೊರೆಸಬೇಡಿ, ಸೀಳು ಬಿಡುತ್ತದೆ. ಪಕ್ಕದಿಂದ ವೈರ್ ಹೊರಡುವ ಪ್ಲಾಸ್ಟಿಕ್ ಹೋಲ್ಡರನ್ನು ತಲೆಯ ಮೇಲೆ ಕೂರಿಸಿದರೆ ಸಾಕು. ಕಾಲು ಒಂದೂವರೆ ಅಡಿ ಇದ್ದರೆ ಅಡಿಹಲಗೆ ಆರೇಳು ಇಂಚು ಅಗಲ, ಭಾರವಾದದ್ದು ಬೇಕು. 7 ವ್ಯಾಟಿನ ಎಲ್‌ಇಡಿ ಬಲ್ಬ್ ಹಾಕಿ. ಬಿಸಿ ಕಡಿಮೆ, ಹಾಗಾಗಿ ಅಜ್ಜಿಯ ಹಳೆಯ ಖಣದ ಬಟ್ಟೆಯನ್ನೇ ಶೇಡಿಗೆ ಬಳಸಬಹುದು, ಬಲ್ಬಿಗೆ ತಾಗದಂತೆ ನೋಡಿಕೊಳ್ಳಿ.

ಬಣ್ಣವನ್ನು ಒಣ ಮೆತ್ತನೆಯ ಬಟ್ಟೆಯಿಂದ ಮಾತ್ರ ಒರೆಸಿ. ಅರಗಿನ ಲೇಪವಿದ್ದರೆ ಸ್ಪಿರಿಟ್ ತಾಗಿದ ಕೂಡಲೇ ಕರಗುತ್ತದೆ, ಅಜ್ಜಿ ಕಾಲದ ಹೂವು ಬಳ್ಳಿ ನಿಮ್ಮ ಬಟ್ಟೆಗೆ ಬಂದುಬಿಡುತ್ತದೆ. ಇದೆಲ್ಲಕ್ಕೂ ಮೊದಲು ಕಾಲನ್ನು ಹದಿನೈದು ದಿನ ಬಿಳಿ ಕಾಗದದ ಮೇಲೆ ನಿಲ್ಲಿಸಿಡಿ. ಕಾಗದದ ಮೇಲೆ ಸಣ್ಣ ಹಿಟ್ಟಿನಂಥ ಪುಡಿ ಬಿದ್ದರೆ ಒಳಗೆ ಹುಳು ಇನ್ನೂ ಜೀವಂತವಾಗಿದೆ. ಅದಕ್ಕೆ ಔಷಧಿ ಹಾಕಿಸುವವರೆಗೆ ಮನೆಯ ಬೇರೆ ಮರದ ಸಾಮಾನಿನ ಹತ್ತಿರ ಅದನ್ನು ತರಬೇಡಿ.