ಹೆಣಿಗೆ ಪ್ರಶ್ನೋತ್ತರ: ಮೂರು ಬಣ್ಣದ ತ್ರಿಕೋನ ಶಾಲು

ಪ್ರಶ್ನೆ: ಕುತ್ತಿಗೆಯಿಂದ ಕೆಳಕ್ಕೆ ಹೆಣೆಯುವ ತ್ರಿಕೋನ ಶಾಲು. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೆಣೆಯುತ್ತಾ ಎರಡು ಸಾಲಿಗೊಮ್ಮೆ ನಾಲ್ಕು ಕುಣಿಕೆ ಹೆಚ್ಚಿಸುತ್ತಿದ್ದೇನೆ. ಆದರೂ ಕುತ್ತಿಗೆಯ ಬಳಿ ಮೊನೆ ಎದ್ದಿದೆ, ಎರಡೂ ತುದಿಗಳು ಕೆಳಗೆ ಇಳಿದಿವೆ. ನೂಲು ಅಕ್ರಿಲಿಕ್.

ಉತ್ತರ: ನಿಮ್ಮ ಲೆಕ್ಕ ಸರಿಯಾಗಿದೆ, ತೊಂದರೆ ಹೆಣಿಗೆಯದು. ಎರಡೂ ಬದಿ ಸೀದಾ ಹೆಣೆಯುವ ಗಾರ್ಟರ್‌ನಲ್ಲಿ ಎರಡು ಸಾಲಿನ ಎತ್ತರ ಒಂದು ಕುಣಿಕೆಯ ಅಗಲಕ್ಕೆ ಹೆಚ್ಚುಕಡಿಮೆ ಸಮ. ಹಾಗಾಗಿ ನಾಲ್ಕು ಕುಣಿಕೆ ಹೆಚ್ಚಿಸಿದರೆ ಮೇಲಂಚು ನೇರ ಬರುತ್ತದೆ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೆಣೆದರೆ ಆ ಎತ್ತರ ಸುಮಾರು 1.4 ಪಟ್ಟಾಗುತ್ತದೆ. ಬಟ್ಟೆ ಅಗಲವಾಗುವ ಮುಂಚೆಯೇ ಉದ್ದವಾಗಿಬಿಡುತ್ತದೆ. ಉಣ್ಣೆಯಾದರೆ ನೆನೆಸಿ, ಪಿನ್ನು ಚುಚ್ಚಿ ಎಳೆದು ಒಣಗಿಸಬಹುದು. ಅಕ್ರಿಲಿಕ್ ಹಾಗೆ ನಿಲ್ಲುವುದಿಲ್ಲ. ಇಸ್ತ್ರಿಯ ಹಬೆ ಕೊಟ್ಟರೆ ಉಬ್ಬು ವಿನ್ಯಾಸವೇ ಚಪ್ಪಟೆಯಾಗುತ್ತದೆ.

ಆದ್ದರಿಂದ ಬಣ್ಣದ ವಿನ್ಯಾಸವನ್ನು ಗಾರ್ಟರ್ ಮೇಲೆಯೇ ಕಟ್ಟಿ. ಹೊಸ ಬಣ್ಣದಲ್ಲಿ ಮುಂಬದಿಯ ಸಾಲು: ಒಂದು ಸೀದಾ, ಒಂದು ಕುಣಿಕೆ ಹೆಣೆಯದೆ ದಾಟಿಸಿ, ನೂಲು ಹಿಂದೆ. ಹಿಂಬದಿಯ ಸಾಲು: ಹೆಣೆದದ್ದನ್ನು ಸೀದಾ ಹೆಣೆಯಿರಿ, ದಾಟಿಸಿದ್ದನ್ನು ಮತ್ತೆ ದಾಟಿಸಿ, ಆಗ ನೂಲು ನಿಮ್ಮ ಕಡೆಗೆ. ಎರಡು ಅಂಚಿನ ಮೂರು ಮೂರು ಕುಣಿಕೆ ಮತ್ತು ನಟ್ಟನಡುವಿನ ಒಂದನ್ನು ಎಂದೂ ದಾಟಿಸಬೇಡಿ. ಬಳಸದ ಬಣ್ಣದ ನೂಲನ್ನು ಅಂಚಿನಲ್ಲಿ ಮೇಲಕ್ಕೊಯ್ಯುವಾಗ ಸಡಿಲ ಬಿಡಿ, ಬಿಗಿಯಾದರೆ ಮೇಲಂಚು ಸುಕ್ಕುಗಟ್ಟುತ್ತದೆ.

ಪ್ರಶ್ನೆ: ಬಣ್ಣ ಬದಲಿಸಿದ ಕಡೆ ಹಳೆಯ ಬಣ್ಣದ ಚುಕ್ಕೆ ಕಾಣುತ್ತಿದೆ.

ಉತ್ತರ: ಹಿಂಬದಿಯ ಸಾಲಿನಲ್ಲಿ ಬದಲಿಸಿದ್ದೀರಿ. ಮುಂಬದಿಯ ಸೀದಾ ಸಾಲಿನಲ್ಲೇ ಬದಲಿಸಿ, ಚುಕ್ಕೆ ಹಿಂದಕ್ಕೆ ಹೋಗುತ್ತದೆ.

ಪ್ರಶ್ನೆ: ಮೂರು ಬಣ್ಣ ಸಮ ತೂಕ ತಂದಿದ್ದೆ. ಸಮ ಅಗಲದ ಪಟ್ಟಿ ಮಾಡಲು ಹೋದರೆ ಕೊನೆಯದು ಸಾಲುತ್ತಿಲ್ಲ.

ಉತ್ತರ: ಸಾಲುವುದೇ ಇಲ್ಲ, ಏಕೆಂದರೆ ಪ್ರತಿ ಸಾಲೂ ಹಿಂದಿನದಕ್ಕಿಂತ ಉದ್ದ. ನಡುಗೆರೆಯಲ್ಲಿ 60 ಸೆಂ.ಮೀ. ಆಳದ ಶಾಲಿಗೆ ಅರ್ಧ ನೂಲು ಮುಗಿಯುವುದು 42 ಸೆಂ.ಮೀ.ಗೆ. ಮೂರು ಬಣ್ಣ ಸಮವಾಗಿ ಖರ್ಚಾಗಬೇಕಾದರೆ ಮೊದಲನೆಯದು 35, ಎರಡನೆಯದು 14, ಕೊನೆಯದು 11 ಸೆಂ.ಮೀ. ಇರಲಿ. ಕುಣಿಕೆ ದಾಟಿಸುವ ಪಟ್ಟಿ ದಟ್ಟ, ಅದಕ್ಕೆ ನೂಲು ಇನ್ನೂ ಸ್ವಲ್ಪ ಹೆಚ್ಚು ಬೇಕು. ಕೊನೆಗೆ ಕುಣಿಕೆ ಮುಚ್ಚಲು ಕೆಳಗಿನ ಅಂಚಿನ ನಾಲ್ಕು ಪಟ್ಟು, ಈ ಅಳತೆಗೆ ಸುಮಾರು 7 ಮೀಟರ್, ಮೊದಲೇ ಅಳೆದು ಗುರುತು ಹಾಕಿಡಿ. ಮುಚ್ಚುವಾಗ ಕಡ್ಡಿ ಹೆಣೆದ ಕಡ್ಡಿಗಿಂತ ಅರ್ಧ ಅಥವಾ ಒಂದು ಮಿ.ಮೀ. ಹೆಚ್ಚು ದಪ್ಪದ್ದಿರಲಿ.