ಇಸ್ಸೆ ಮಿಯಾಕೆ: ಜಾಬ್ಸ್ ಟರ್ಟಲ್‌ನೆಕ್ ಬಿಟ್ರೆ ಇನ್ನೇನು?

ಆ್ಯಪಲ್ ಕಂಪನಿಯ ಸ್ಟೀವ್ ಜಾಬ್ಸ್‌ಗೆ ಕಪ್ಪು ಟರ್ಟಲ್‌ನೆಕ್ (ಕತ್ತು ಮುಚ್ಚೋ ಅಂಗಿ) ಮಾಡಿಕೊಟ್ಟಿದ್ದು ಬಿಟ್ರೆ ಜಪಾನಿನ ಫ್ಯಾಷನ್ ಡಿಸೈನರ್ ಇಸ್ಸೆ ಮಿಯಾಕೆ ಅಂಥದ್ದೇನ್ ಮಾಡಿದಾರೆ, ಯಾಕಷ್ಟು ಹೆಸರು ಅಂತ ಕೇಳಿದೀರ. ಟರ್ಟಲ್‌ನೆಕ್ ವಿಷಯ ನಿಜಾನೇ, ಆದ್ರೆ ಅವರ ಕೆಲಸದಲ್ಲಿ ಅದು ತೀರಾ ಸಣ್ಣದು. ನಾನು ಗಾರ್ಮೆಂಟ್ ಲೈನಲ್ಲಿ ಪ್ಯಾಟರ್ನ್ ಕೆಲಸ ಮಾಡೋನು, ನನ್ನ ಕೇಳಿದ್ರೆ ನೆರಿಗೆಯಿಂದಲೇ ಶುರು ಮಾಡ್ತೀನಿ.

ಸಾಮಾನ್ಯವಾಗಿ ಬಟ್ಟೆಗೆ ಮೊದ್ಲು ನೆರಿಗೆ ಕೂರಿಸಿ ಆಮೇಲೆ ಕತ್ತರಿಸಿ ಹೊಲಿಯೋದು. ಮಿಯಾಕೆ ಟೀಮ್ 1988ರ ಸುಮಾರಿಗೆ ಇದನ್ನ ಪೂರ್ತಿ ಉಲ್ಟಾ ಮಾಡೋಕೆ ಶುರು ಮಾಡ್ತು. ಪಾಲಿಯೆಸ್ಟರ್‌ನಲ್ಲಿ ಡ್ರೆಸ್‌ನ ಬೇಕಾಗಿದ್ದಕ್ಕಿಂತ ಎರಡೂವರೆ ಮೂರು ಪಟ್ಟು ದೊಡ್ಡದಾಗಿ ಹೊಲಿದು ಮುಗಿಸಿಬಿಡೋದು, ಆಗ ನೋಡಿದ್ರೆ ಬಕಾಸುರನ ಅಂಗಿ ಥರ ಇರತ್ತೆ, ಅದನ್ನ ಎರಡು ಹಾಳೆ ಪೇಪರ್ ಮಧ್ಯೆ ಇಟ್ಟು ಬಿಸಿ ಪ್ರೆಸ್ ಮೆಷಿನ್‌ಗೆ ಕೊಡೋದು, ಆ ಕಡೆಯಿಂದ ಸಣ್ಣ ಸಣ್ಣ ನೆರಿಗೆ ಬಿದ್ದು ಮೈಯಳತೆಗೆ ಕುಗ್ಗಿ ಬರತ್ತೆ. ಪಾಲಿಯೆಸ್ಟರ್ ಶಾಖಕ್ಕೆ ಹಿಡಿದ ಆಕಾರ ಬಿಡಲ್ಲ, ಹಂಗಾಗಿ ಒಗೆದ್ರೂ ನೆರಿಗೆ ಹೋಗಲ್ಲ, ಇಸ್ತ್ರಿ ಬೇಡ, ಸುತ್ತಿ ಬ್ಯಾಗಿಗೆ ತುರುಕಿದ್ರೂ ಏನೂ ಆಗಲ್ಲ. 1991ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಬ್ಯಾಲೆ ಅನ್ನೋ ನೃತ್ಯ ತಂಡದ ಡ್ಯಾನ್ಸರ್‌ಗಳು ಇದನ್ನ ಹಾಕ್ಕೊಂಡು ಕುಣಿದ್ರು. 1993ಕ್ಕೆ ಪ್ಲೀಟ್ಸ್ ಪ್ಲೀಸ್ ಅಂತ ಬೇರೆ ಬ್ರ್ಯಾಂಡೇ ಆಯ್ತು.

ಇದಕ್ಕೆ ಹಿನ್ನೆಲೆ ಇದೆ. ಮಿಯಾಕೆ ಪ್ಯಾರಿಸ್‌ಗೆ ಹೋಗಿ ಗೀ ಲರೋಶ್, ಜಿವಾನ್ಶಿ ಅಂಥ ದೊಡ್ಡ ಡಿಸೈನರ್‌ಗಳ ಹತ್ರ ಕೆಲಸ ಕಲಿತೋರು, 1968ರ ವಿದ್ಯಾರ್ಥಿ ದಂಗೆ ಕಣ್ಣಾರೆ ನೋಡಿದ್ರು, ನಾಲ್ಕು ಜನ ಶ್ರೀಮಂತ ಹೆಂಗಸರಿಗೆ ಹೊಲಿಯೋದು ಸಾಕು, ಜೀನ್ಸ್ ಟೀಶರ್ಟ್ ಥರ ಎಲ್ರೂ ಹಾಕೋ ಬಟ್ಟೆ ಮಾಡ್ಬೇಕು ಅನ್ನೋದು ಅಲ್ಲಿಂದ ಅವರ ತಲೇಲಿ ಕೂತ್ಕೊಳ್ತು. 1970ರಲ್ಲಿ ಟೋಕಿಯೋಗೆ ವಾಪಸ್ ಬಂದು ಸ್ವಂತ ಸ್ಟುಡಿಯೋ ಶುರು ಮಾಡಿದ್ರು. ಆಮೇಲೆ 90ರ ದಶಕದ ಕೊನೇಲಿ ದಾಯ್ ಫುಜಿವಾರಾ ಅನ್ನೋ ಡಿಸೈನರ್ ಜೊತೆ ಸೇರಿ ಎ-ಪಾಕ್ (ಎ ಪೀಸ್ ಆಫ್ ಕ್ಲಾತ್, ಅಂದ್ರೆ ಒಂದು ತುಂಡು ಬಟ್ಟೆ) ಮಾಡಿದ್ರಲ್ಲ, ಅದಂತೂ ನಂಗೆ ಇವತ್ತಿಗೂ ಆಶ್ಚರ್ಯ. ಮೆಷಿನ್‌ಗೆ ನೂಲು ಹೋಗತ್ತೆ, ಉದ್ದದ ಕೊಳವೆ ಥರ ಬಟ್ಟೆ ಬರತ್ತೆ, ಡ್ರೆಸ್ಸಿನ ಗೆರೆ ಅದರೊಳಗೇ ಹೆಣೆದಿರತ್ತೆ, ತಗೊಂಡೋರು ಕತ್ತರಿ ಹಿಡಿದು ಕತ್ತರಿಸಿಕೊಂಡ್ರೆ ಆಯ್ತು, ಹೊಲಿಗೇನೇ ಬೇಡ. ತೋಳು ಎಷ್ಟುದ್ದ ಬೇಕು ಅಂತ ಹಾಕ್ಕೊಳ್ಳೋರೇ ತೀರ್ಮಾನ ಮಾಡಬಹುದು.

ಇನ್ನೊಂದು ಹೇಳಲೇಬೇಕು. ಅವರು ಹುಟ್ಟಿದ್ದು 1938ರಲ್ಲಿ, ಹಿರೋಶಿಮಾದಲ್ಲಿ. ಅಣುಬಾಂಬ್ ಬಿದ್ದಾಗ ಏಳು ವರ್ಷ, ಮೂರು ವರ್ಷದೊಳಗೆ ವಿಕಿರಣದಿಂದ ತಾಯಿ ತೀರಿಕೊಂಡ್ರು. 'ಬಾಂಬಿಂದ ಬದುಕಿ ಬಂದ ಡಿಸೈನರ್' ಅಂತ ಗುರುತಿಸಿಕೊಳ್ಳೋದು ಬೇಡ ಅಂತ ಇದನ್ನ ದಶಕಗಟ್ಟಲೆ ಮಾತಾಡ್ಲೇ ಇಲ್ಲ, 2009ರಲ್ಲಿ ಒಬಾಮಾ ಹಿರೋಶಿಮಾಗೆ ಬರಬೇಕು ಅಂತ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದಾಗಲೇ ಬಾಯಿಬಿಟ್ಟಿದ್ದು. 2022ರ ಆಗಸ್ಟಲ್ಲಿ ತೀರಿಕೊಂಡ್ರು.

ನಂಗೆ ಬೇಜಾರು ಒಂದೇ, ಎಲ್ರಿಗೂ ಅಂತ ಶುರುವಾದ ಆ ನೆರಿಗೆ ಬಟ್ಟೆ ರೇಟು ಇವತ್ತು ನಮ್ಮಂಥೋರ ಕೈಗೆ ಎಟುಕಲ್ಲ.