ಔಷಧಿ ಕಲಸುವ ಹೊತ್ತಿಗೆ ಯಜಮಾನ ಎಲ್ಲಿರಬೇಕು?

ನಿಮ್ಮ ಪ್ರಶ್ನೆ ಓದಿದೆ. ಅಪ್ಪನಿಗೆ ಹುಷಾರಿಲ್ಲ ಅಂತ ಬೆಂಗಳೂರಿನ ಕೆಲಸ ಬಿಟ್ಟು ತೀರ್ಥಹಳ್ಳಿ ಕಡೆಯ ಊರಿಗೆ ಬಂದಿದ್ದೀರಿ. ತೋಟ, ಆಳುಕಾಳು, ಜೊತೆಗೆ ಊರಿನ ಸೊಸೈಟಿಯ ನಿರ್ದೇಶಕ ಸ್ಥಾನ, ಎಲ್ಲ ಒಟ್ಟಿಗೇ ತಲೆ ಮೇಲೆ ಬಿದ್ದಿದೆ. ಬೆಳಗಿನಿಂದ ಓಡಾಡುತ್ತೇನೆ, ಆದರೆ ಯಾವ ಕೆಲಸದಲ್ಲೂ ಮನಸ್ಸಿಟ್ಟು ಇರುವುದಿಲ್ಲ, ಯಾರೂ ನನ್ನ ಮಾತು ಕೇಳುವುದಿಲ್ಲ, ಹೊಣೆ ಹೊತ್ತು ಮುಂದೆ ನಿಂತು ನಡೆಸುವುದು ಹೇಗೆ ಅಂತ ಕೇಳಿದ್ದೀರಿ.

ನಾನು ಸಾಗರದ ಹತ್ತಿರ ಸಣ್ಣ ಅಡಿಕೆ ತೋಟ ಮಾಡಿಕೊಂಡಿರುವವನು. ನನಗೆ ತೋಚಿದ್ದು ಇಷ್ಟು. ದಿನವಿಡೀ ಎಲ್ಲ ಕಡೆ ಇರಲು ಹೋಗಬೇಡಿ. ಆಮೇಲೆ ನೋಡಿ ತಿಳಿಯಲಾಗದ, ಆಮೇಲೆ ಸರಿಮಾಡಲಾಗದ ಕೆಲಸ ಯಾವುದು ಅಂತ ಮೊದಲು ಗುರುತಿಸಿ. ಅಲ್ಲಿ ಪೂರ್ತಿ ನಿಲ್ಲಿ. ಉಳಿದದ್ದನ್ನು ಬಲ್ಲವರ ಕೈಗೆ ಬಿಡಿ.

ಔಷಧಿ ಹೊಡೆಯುವುದನ್ನೇ ತಗೊಳ್ಳಿ. ಮಳೆ ಹಿಡಿಯುವ ಮೊದಲು ಒಂದು ಸಲ, ಮತ್ತೆ 40-45 ದಿನ ಬಿಟ್ಟು ಇನ್ನೊಂದು ಸಲ, ಅಡಿಕೆಗೆ ಕೊಳೆ ರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಲೆಕ್ಕ ಮಕ್ಕಳಿಗೂ ಬಾಯಿಪಾಠ. ಕಷ್ಟ ಇರುವುದು ಕಲಸುವುದರಲ್ಲಿ. ತುತ್ತವನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಕರಗಿಸಬೇಕು, ಕಬ್ಬಿಣದ ಪಾತ್ರೆ ಮುಟ್ಟಿಸಬಾರದು. ಸುಣ್ಣವನ್ನು ಬೇರೆ ಡ್ರಮ್ಮಿನಲ್ಲಿ ಕಲಸಿ ಸೋಸಬೇಕು. ತುತ್ತದ ನೀರನ್ನು ನಿಧಾನವಾಗಿ ಸುಣ್ಣದ ನೀರಿಗೆ ಸುರಿಯಬೇಕು, ತಿರುಗಾಮುರುಗಾ ಆಗಬಾರದು. ಕೊನೆಗೆ ಚೆನ್ನಾಗಿ ತಿಕ್ಕಿದ ಕಬ್ಬಿಣದ ಕತ್ತಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಬೇಕು. ಅಲಗಿನ ಮೇಲೆ ಕೆಂಪಗೆ ತಾಮ್ರದ ಬಣ್ಣ ಕೂತರೆ ಸುಣ್ಣ ಸಾಲದು. ಇನ್ನಷ್ಟು ಸುಣ್ಣದ ನೀರು ಹಾಕಿ, ಕತ್ತಿ ತಿಕ್ಕಿ, ಮತ್ತೆ ಅದ್ದಬೇಕು. ಅಲಗು ಹಾಗೇ ಬಿಳಿ ಬಂದರೆ ಹೊಡೆಯಬಹುದು.

ಇದನ್ನೆಲ್ಲ ಬಿಟ್ಟು ಸುಮ್ನೆ ಕಲಸಿ ಹೊಡೆದರೂ ನೋಡುವುದಕ್ಕೆ ಹೆಚ್ಚು ಕಡಿಮೆ ಹಾಗೇ ನೀಲಿ. ಕೊನೆ (ಅಡಿಕೆ ಗೊಂಚಲು) ಮೇಲೆ ಬಿದ್ದ ಮೇಲೆ ಯಾರು ಹೇಗೆ ಕಲಸಿದರು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಕೊಳೆ ಬಂದು ಕಾಯಿ ಉದುರಿದಾಗ 'ಈ ವರ್ಷ ಮಳೆ ಜಾಸ್ತಿ' ಅಂತ ಹೇಳಿ ಎಲ್ಲರೂ ಕೈ ತೊಳೆದುಕೊಳ್ಳುತ್ತಾರೆ. ಮಳೆಯೇ ಕಾರಣ ಇರಬಹುದು. ಆದರೆ ಕತ್ತಿ ಅದ್ದಿ ನೋಡಿದವನಿಗೆ ಮಾತ್ರ ಆ ಮಾತು ಆಡುವ ಹಕ್ಕು ಇದೆ ಅಂತ ನನಗೆ ಅನ್ನಿಸುತ್ತದೆ.

ಹಾಗಾಗಿ ಆ ಬೆಳಿಗ್ಗೆ ಡ್ರಮ್ಮಿನ ಹತ್ತಿರ ನೀವೇ ಇರಿ. ಫೋನು ಮನೆಯಲ್ಲಿಡಿ. (ನಮ್ಮ ಕಡೆ ನೆಟ್‌ವರ್ಕ್ ಸಿಗುವುದೇ ಗುಡ್ಡದ ನೆತ್ತಿಯಲ್ಲಿ, ಆ ಮಟ್ಟಿಗೆ ಮಲೆನಾಡೇ ನಿಮಗೆ ಸಹಾಯ ಮಾಡುತ್ತದೆ.) ಹದ ಸರಿ ಆದಮೇಲೆ ಮರದ ಬುಡದಲ್ಲಿ ನಿಂತು 'ಆ ಕೊನೆ ಬಿಟ್ಟೆಯಲ್ಲ, ಈ ಕೊನೆ ಬಿಟ್ಟೆಯಲ್ಲ' ಅಂತ ಕೂಗಬೇಡಿ. ಮರ ಹತ್ತುವವರಿಗೆ ನಿಮಗಿಂತ ಚೆನ್ನಾಗಿ ಕಾಣುತ್ತದೆ. ಹೊಸ ಯಜಮಾನರ ಮಾತನ್ನು ಜನ ಕೇಳದೆ ಇರುವುದಕ್ಕೆ ಅರ್ಧ ಕಾರಣ ಈ ಕೂಗಾಟವೇ.

ನೀವೇ ಹೇಳಬೇಕಾದ ಮಾತು ಬೇರೆ ಇದೆ. ರಾತ್ರಿ ಮಳೆ ಬಂದು ಮರ ಜಾರುತ್ತಿದೆ ಅಂತಿಟ್ಟುಕೊಳ್ಳಿ. ಹತ್ತುವವರು ತಾವಾಗಿ 'ಇವತ್ತು ಬೇಡ' ಅನ್ನುವುದು ಕಷ್ಟ. ಅಂದರೆ ಅವತ್ತಿನ ಕೂಲಿ ಹೋಯಿತು. ಅಷ್ಟು ದೂರದಿಂದ ಬಂದಿದ್ದಾರೆ, ಮನೆಯಲ್ಲಿ ಖರ್ಚಿದೆ. ಆಗ 'ಮರ ಹತ್ತುವುದು ಬೇಡ' ಅನ್ನಬೇಕಾದವರು ನೀವು. ಬರೀ ಅಂದರೆ ಸಾಲದು, ಬೇರೆ ಕೆಲಸ ಕೊಡಿ ಅಥವಾ ಅರ್ಧ ಕೂಲಿಯಾದರೂ ಕೊಟ್ಟು ಕಳಿಸಿ. ನಿಮ್ಮ ತೀರ್ಮಾನದ ಖರ್ಚು ನಿಮ್ಮ ಜೇಬಿನಿಂದ ಹೋಗಬೇಕು ಅಲ್ವಾ? ಅದು ಅವರ ಜೇಬಿನಿಂದ ಹೋಗುವ ತನಕ ಹೊಣೆ ಅನ್ನುವುದು ಬಾಯಿಮಾತು.

ಸುಗ್ಗಿಯಲ್ಲಿ ಇನ್ನೊಂದು ಜಾಗ ಇದೆ, ಅಡಿಕೆ ಸುಲಿದದ್ದನ್ನು ಅಳೆಯುವ ಜಾಗ. ರಾತ್ರಿ ಹೆಂಗಸರು ಮೆಟ್ಟುಗತ್ತಿ (ಅಡಿಕೆ ಸುಲಿಯುವ ಕತ್ತಿ) ಮುಂದೆ ಕೂತು ಸುಲಿದು, ಎದ್ದು ಮನೆಗೆ ಹೊರಡುವ ಹೊತ್ತು. ಎಲ್ಲರಿಗೂ ನಿದ್ದೆ. ಡಬ್ಬದ ಲೆಕ್ಕ ಇದ್ದರೆ ಅಂಚಿನ ಮಟ್ಟಕ್ಕೋ, ಗೋಪುರ ಏಳುವ ಹಾಗೋ? ತಕ್ಕಡಿ ಆದರೆ ಬುಟ್ಟಿಯ ತೂಕ ಎಷ್ಟು ಕಳೆದಿರಿ? ಇಲ್ಲಿ ಒಂದು ಹಿಡಿ ಆಚೆ ಈಚೆ ಆದರೆ ನಿಮಗೆ ಗೊತ್ತೇ ಆಗುವುದಿಲ್ಲ, ಅವರಿಗೆ ವರ್ಷಗಟ್ಟಲೆ ನೆನಪಿರುತ್ತದೆ.

ಈ ಸೀಮೆಯಲ್ಲಿ ಅಳತೆ ಸಣ್ಣ ವಿಷಯ ಅಲ್ಲ. ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ಸತ್ಯಾಗ್ರಹದ ಬಗ್ಗೆ ಕೇಳಿರುತ್ತೀರಿ. ಗೇಣಿ ಭತ್ತ ಅಳೆಯುವಾಗ ಒಡೆಯರು ದೊಡ್ಡ ಕೊಳಗ ಬಳಸುತ್ತಾರೆ ಅನ್ನುವುದು ಗೇಣಿದಾರರ ಮುಖ್ಯ ದೂರುಗಳಲ್ಲಿ ಒಂದಾಗಿತ್ತು. ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದರು. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಜೊತೆ ನಿಂತರು. ಉತ್ತರ ಭಾರತದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅಷ್ಟು ದೂರದಿಂದ ಬಂದು ಇಲ್ಲಿ ಬಂಧನಕ್ಕೊಳಗಾದರು. ಆಮೇಲೆ ಅದು ಭೂಮಿಯ ದೊಡ್ಡ ಹೋರಾಟವಾಗಿ ಬೆಳೆಯಿತು. ಆದರೆ ಜನರ ಸಿಟ್ಟಿನಲ್ಲಿ ಒಂದು ಅಳತೆಯ ಪಾತ್ರೆ ಇತ್ತು ಅನ್ನುವುದನ್ನು ನಾನು ಮರೆಯುವುದಿಲ್ಲ. ನಿಮ್ಮ ಮನೆಯಲ್ಲಿ ಅಪ್ಪನ ಕಾಲದ ಡಬ್ಬ ಇದ್ದರೆ, ಅದು ಎಷ್ಟು ಹಿಡಿಯುತ್ತದೆ ಅಂತ ಸುಲಿಯುವವರ ಎದುರೇ ಒಂದು ಸಲ ತೂಕ ಮಾಡಿ ನೋಡಿ. ಯಾರೂ ಕೇಳುವ ಮೊದಲು.

ಸೊಸೈಟಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಭೆಯಲ್ಲಿ ಕಾಫಿ ಕುಡಿದು ಸಹಿ ಹಾಕುವುದೇ ರೂಢಿ. ನೀವು ಸಹಿಗೆ ಮೊದಲು ಓದಿ. ನಿಮ್ಮ ಸಂಬಂಧಿಕರ ಸಾಲದ ಅರ್ಜಿ ಬಂದ ದಿನ ಎದ್ದು ಹೊರಗೆ ಹೋಗಿ, ಹೋದದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಯಾವುದೇ ಕೆಲಸಕ್ಕೆ 'ಕ್ರಮ ಕೈಗೊಳ್ಳುವುದು' ಅಂತ ಬರೆದು ಮುಗಿಸಲು ಬಿಡಬೇಡಿ. ಯಾರು, ಯಾವ ತಾರೀಖಿನೊಳಗೆ ಅಂತ ಕೇಳಿ. ಮೊದಲ ಹೆಸರು ನಿಮ್ಮದೇ ಬರೆಸಿದರೆ ಉಳಿದವರಿಗೆ ಬೇಸರ ಕಡಿಮೆ.

ಬೆಳಿಗ್ಗೆ ಎದ್ದು ಧ್ಯಾನ ಮಾಡಬೇಕಾ ಅಂತಲೂ ಕೇಳಿದ್ದೀರಿ. ಮಾಡಿ, ನಷ್ಟ ಏನಿಲ್ಲ. ನಾನು ಮಾಡುವುದಿಲ್ಲ. ಕಾಫಿ ಕುಡಿಯುತ್ತಾ ಇವತ್ತು ನಾನೇ ನಿಲ್ಲಬೇಕಾದ ಕೆಲಸ ಯಾವುದು ಅಂತ ಯೋಚಿಸುತ್ತೇನೆ. ಎಷ್ಟೋ ದಿನ ಅಂಥದ್ದು ಯಾವುದೂ ಇರುವುದಿಲ್ಲ. ಆ ದಿನ ಪೇಟೆಗೆ ಹೋಗಿ ಬರುತ್ತೇನೆ.

ನಿಮ್ಮ ತೋಟಕ್ಕೆ ಅಂಥ ಜಾಗಗಳು ಯಾವುವು ಅಂತ ನನಗಿಂತ ನಿಮ್ಮ ಅಪ್ಪನಿಗೆ ಗೊತ್ತು. ಅವರಿಗೆ ಮಾತಾಡುವ ಶಕ್ತಿ ಇರುವಾಗ ಕೇಳಿ, ಯಾವ ಕೆಲಸಕ್ಕೆ ನೀವೇ ನಿಲ್ಲುತ್ತಿದ್ದಿರಿ, ಯಾಕೆ ಅಂತ. ಅವರಿಗೆ ನೆನಪಾಗದ್ದನ್ನು ನಿಮ್ಮ ತೋಟಕ್ಕೆ ಬರುವ ಹಳೇ ಕೊನೆಗಾರರು (ಮರ ಹತ್ತಿ ಕೊನೆ ಇಳಿಸುವವರು) ಹೇಳುತ್ತಾರೆ. ಅವರ ಹತ್ತಿರ ಕೂಲಿ ಮಾತಾಡುವ ದಿನ ಕೇಳಬೇಡಿ, ಬೇರೆ ದಿನ ಅವರ ಮನೆಗೇ ಹೋಗಿ ಕೇಳಿ.